ಆರಡಿ ಎತ್ತರದ ಅಮ್ಮ

"ಇಷ್ಟು ಚಿಕ್ಕ ಮುಖಾನ ಆರಡಿಗೆ ಹಿಗ್ಗಿಸಿದ್ರೆ ಒಡೆದುಹೋಗುತ್ತೆ ಸಾರ್," ಎಂದ ಸ್ಟುಡಿಯೋದವನು. ಕಂಪ್ಯೂಟರಿನಲ್ಲಿ ಹಿರಿಮಗನ ತಾಯಿ ಆಗಲೇ ಬಣ್ಣದ ಚೌಕಗಳ ರಾಶಿಯಾಗಿದ್ದಳು.

ಹಿರಿಮಗನ ಮೊಬೈಲಿನಲ್ಲಿ ಫೋಟೋಗಳಿಗೇನೂ ಬರವಿರಲಿಲ್ಲ. ಹೊಸ ಕಾರು ನಾಲ್ಕೂ ದಿಕ್ಕಿನಿಂದ ಇತ್ತು. ನಾಯಿ ಮಲಗಿದ್ದು, ಎದ್ದದ್ದು, ಆಕಳಿಸಿದ್ದು ಎಲ್ಲವೂ ಇತ್ತು. ತಾಯಿ ಮಾತ್ರ ಒಂದೇ ಒಂದರಲ್ಲಿ, ಅದೂ ಎಲ್ಲರ ಬೆನ್ನ ಹಿಂದೆ ಎಂಜಲು ತಟ್ಟೆ ಎತ್ತುವಾಗ, ಅಕಸ್ಮಾತ್ತಾಗಿ ಸಿಕ್ಕಿಬಿದ್ದಿದ್ದಳು. ನಾಳೆ ಅವಳಿಗೆ ಎಪ್ಪತ್ತೈದು. ತಮ್ಮ ಈಗಾಗಲೇ ಮೈಕೈ ಒತ್ತುವ ಕುರ್ಚಿ ತಂದು ನೆಂಟರ ಬಾಯಲ್ಲಿ ಚಿನ್ನದಂಥ ಮಗನಾಗಿದ್ದ. ಅಣ್ಣನಿಗೆ ಅದು ನುಂಗಲಾರದ ತುತ್ತು.

"ಅಮ್ಮ ಈಗ ಎಲ್ಲಿದ್ದಾರೆ ಸಾರ್?"

"ಮನೇಲೇ. ನಮ್ಮ ಜೊತೇಲೇ."

"ಮತ್ತೆ? ಕರ್ಕೊಂಡ್ಬನ್ನಿ. ಒಳ್ಳೇ ಕ್ಯಾಮೆರಾದಲ್ಲಿ ತೆಗೆದ್ರೆ ಆರಡಿಗೂ ಕೂದಲೆಳೆ ಎಣಿಸಬಹುದು."

"ಸರ್ಪ್ರೈಸ್ ಹಾಳಾಗುತ್ತೆ. ಅಲ್ದೆ ಅವರನ್ನ ಹೊರಡಿಸಿ, ಕಾರು ಹತ್ತಿಸಿ, ಇಳಿಸಿ... ಅಷ್ಟೆಲ್ಲ ಯಾರಿಗಪ್ಪಾ ಪುರಸೊತ್ತು?"

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವವರು ಆ ಅಂಗಡಿಗೆ ಹೊಸಬರಲ್ಲ. ಫೋಟೋದಲ್ಲಿ ಇಲ್ಲದ್ದನ್ನು ಊಹಿಸಿ ತುಂಬುವ ತಂತ್ರಾಂಶವನ್ನು ಸ್ಟುಡಿಯೋದವನು ತೆರೆದ. "ಕೆನ್ನೆ ಮೇಲೆ ಕಪ್ಪಗೆ ಏನೋ ಇದೆ. ಮಚ್ಚೆನಾ, ನೆರಳಾ?"

ಹಿರಿಮಗ ನೆನಪು ಕೆದಕಿದ. ಏನೂ ಹೊಳೆಯಲಿಲ್ಲ. ಹೆಂಡತಿಗೆ ಫೋನ್ ಮಾಡಿದ. "ಇದ್ರೂ ಇರಬಹುದು. ಯಾಕ್ರೀ?" ಎಂದಳು ಆ ಪುಣ್ಯಾತಗಿತ್ತಿ, ಅತ್ತೆ ಹೆಚ್ಚಿಟ್ಟ ತರಕಾರಿ ತೊಳೆಯುತ್ತಾ.

"ಅಳಿಸಿಬಿಡಿ. ನೀಟಾಗಿ ಕಾಣಲಿ," ಎಂದ ಹಿರಿಮಗ.

ಮರುದಿನ ಸಂಜೆ ನಡುಮನೆಯ ಗೋಡೆ ತುಂಬ ಅಮ್ಮ. ಸುಕ್ಕಿಲ್ಲ, ಮಚ್ಚೆಯಿಲ್ಲ, ಹುಟ್ಟಿದಾಗಿನಿಂದ ಇಲ್ಲದ ಸಾಲು ಹಲ್ಲಿನ ನಗು ಬೇರೆ. ನೆಂಟರು ಬೆರಗಾದರು. ತಮ್ಮನ ಕುರ್ಚಿಯ ಮೇಲೆ ಅವರ ಕೈಚೀಲಗಳು ಬಿದ್ದವು. ಹಿರಿಮಗನಿಗೆ ಸ್ವರ್ಗಕ್ಕೆ ಮೂರೇ ಗೇಣು.

ತಾಯಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ಚೆನ್ನಾಗಿದ್ದಾಳೆ," ಎಂದಳು, ಪಕ್ಕದ ಮನೆಯವಳನ್ನು ಹೊಗಳುವಂತೆ.

ಎಲ್ಲರೂ ಚಿತ್ರದ ಮುಂದೆ ಸಾಲಾಗಿ ನಿಂತರು. ಪಾಪ, ಮುದುಕಿಗೂ ಆಸೆಯಾಯಿತು, ಮಕ್ಕಳ ನಡುವೆ ಒಮ್ಮೆ ನಿಲ್ಲಬೇಕೆಂದು. ಸೆರಗು ಸರಿಮಾಡಿಕೊಂಡು ನಡುವೆ ಬಂದು ನಿಂತಳು. ಹಿರಿಮಗ ಮೊಬೈಲ್ ಎತ್ತಿದವನು ಮುಖ ಗಂಟಿಕ್ಕಿದ.

"ಅಮ್ಮಾ, ಒಂಚೂರು ಪಕ್ಕಕ್ಕೆ ಸರಿ. ಅಮ್ಮ ಕಾಣಿಸ್ತಿಲ್ಲ."