ಒಣ ಸೊಪ್ಪಿನ ಹೊರೆ

ಆ ಬೆಳಿಗ್ಗೆ ಸಾತನೂರಿನಲ್ಲಿ ರಾತ್ರಿ ಹಿಡಿದ ಸೋನೆ ಇನ್ನೂ ಬಿಟ್ಟಿರಲಿಲ್ಲ. ಗಿರಿಜಾಂಬ ಅವಳಿ ಮರಿ ಹಾಕಿದ್ದ ಕುರಿಯ ಮುಂದೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಬಿಚ್ಚುತ್ತಿದ್ದಾಗ, ಪಕ್ಕದ ಮನೆಯ ಕವನ ತೋಟದಿಂದ ನೆನೆಯುತ್ತ ಬಂದು ಜಗಲಿಯ ಮೇಲೆ ಸೊಪ್ಪಿನ ಮಂಕರಿ ಇಳಿಸಿದಳು.

"ರೇಷ್ಮೆ ಹುಳ ಪೊರೆ ಬಿಟ್ಟು ಜ್ವರದಿಂದ ಎದ್ದು ಹಸ್ಕಂಡವೆ ಕಣಕ್ಕ. ಸೊಪ್ಪೆಲ್ಲ ನೆಂದೋಗೈತೆ. ಇದನ್ನ ಹಾಕುದ್ರೆ ರೋಗ ಬಂದು ಒಂದೂ ಉಳಿಯಕಿಲ್ಲ." ಅವಳ ಕಣ್ಣು ಕುರಿಯ ಮುಂದಿದ್ದ ಒಣ ಹೊರೆಯತ್ತ ಹೋಯಿತು.

ಗಿರಿಜಾಂಬಳ ಕೈ ಹಗ್ಗದ ಮೇಲೆಯೇ ನಿಂತಿತು. ಕಡ್ಲೆಕಾಯಿ ಹಿಂಡಿಗೆ ಬೂಷ್ಟು ಹಿಡಿದಾಗ, "ಗಬ್ಬದ ಕುರಿಗೆ ಅದು ವಿಸ, ನನ್ ಸೊಪ್ಪು ಹಾಕು" ಎಂದು ದಿನವೂ ತಂದುಕೊಟ್ಟವಳು ಇದೇ ಕವನ. ಕೈಯಲ್ಲಿದ್ದ ಹೊರೆಯೂ ನಿನ್ನೆ ಸಂಜೆ ಮಳೆಗೆ ಮುಂಚೆ ಅವಳೇ ಕೊಯ್ದು ಕೊಟ್ಟಿದ್ದು. ಮರಿಗಳೆರಡೂ ಹಾಲಿಗಾಗಿ ಕೆಚ್ಚಲು ಗುದ್ದುತ್ತಿದ್ದವು. ಮನೆಯಲ್ಲಿ ಬೇರೆ ಮೇವಿರಲಿಲ್ಲ.

ಅಷ್ಟರಲ್ಲಿ ಕುರಿ ಜಗಲಿಯತ್ತ ಕತ್ತು ಚಾಚಿ, ಮಂಕರಿಯಿಂದ ನೆನೆದ ಕಡ್ಡಿಯೊಂದನ್ನು ಎಳೆದುಕೊಂಡು, ನೀರು ತೊಟ್ಟಿಕ್ಕುತ್ತಿದ್ದಂತೆಯೇ ಅಗಿಯತೊಡಗಿತು. ಮತ್ತೊಂದನ್ನು ಎಳೆಯಿತು.

"ನೋಡವ್ವ, ಇವ್ಳಿಗೆ ಊಟದ ಜತೆಗೇ ನೀರೂ ಬೇಕಂತೆ" ಎಂದು ಗಿರಿಜಾಂಬ ನಕ್ಕಳು. "ಎರಡು ಮನೆ ಕೂಸ್ಗಳ್ನೂ ದೇವ್ರು ಕಬ್ಬಾಳಮ್ಮ ಒಟ್ಗೇ ನೋಡ್ಕಂಡ್ಲು."

ಆಮೇಲೆ ಹಗ್ಗವನ್ನು ಮತ್ತೆ ಬಿಗಿದು, ತನ್ನ ಸೆರಗಿನಿಂದ ಕವನಳ ತಲೆ ಒರೆಸಿ, ಒಣ ಸೊಪ್ಪಿನ ಹೊರೆಗೆ ಗೋಣಿ ಹೊದಿಸಿ ಆ ತಲೆಯ ಮೇಲೆ ಇಟ್ಟಳು.