ಬಬಲೇಶ್ವರದ ಫ್ರೆಂಚ್ ಅಳಿಯ

ಡಬ್ಬಿಯ ಮುಚ್ಚಳ ತೆಗೆದವಳೇ ಗುರುಸಿದ್ದವ್ವ ಮೂಗಿಗೆ ಸೆರಗು ಹಿಡಿದಳು. ಒಳಗಿಂದ ಬೆಣ್ಣೆ ಸಕ್ಕರೆಯ ಘಮಲು ಬರುತ್ತಿತ್ತು. ಆದರೆ ಅವಳ ಗುಮಾನಿಯೇ ಬೇರೆ.

"ತತ್ತಿ ಗಿತ್ತಿ ಹಾಕಿಲ್ಲಲ್ಲಪಾ ಇದರಾಗ?"

"ಇಲ್ರಿ ಅವ್ವಾರ. ಮೈದಾ, ಬೆಣ್ಣಿ, ಸಕ್ರಿ ಅಷ್ಟ. ನಿಮ್ಮ ಮನಿಗಂತ ಬ್ಯಾರೆ ಮಾಡಿ ತಂದೇನ್ರಿ," ಎಂದ ಶಿವಯೋಗೆಪ್ಪ.

ಬಾಗಿಲ ಮರೆಯಲ್ಲಿ ನಿಂತಿದ್ದ ಮಗಳು ಗೌರಾಬಾಯಿಗೆ ನಗು ತಡೆಯಲಾಗಲಿಲ್ಲ. ಕನ್ಯೆ ನೋಡಲು ಬಂದ ವರ ತಾನೇ ತಿಂಡಿ ಮಾಡಿ ತಂದದ್ದನ್ನು ಬಬಲೇಶ್ವರದಲ್ಲಿ ಯಾರೂ ಕಂಡಿರಲಿಲ್ಲ. ಆದರೆ ಈತ ಸಾಮಾನ್ಯ ವರನಲ್ಲ. ತಿಕೋಟಾದವನು, ಹುಡುಗನಾಗಿದ್ದಾಗ ಅಪ್ಪನ ಏಟಿಗೆ ಹೆದರಿ ದೇಶಾಂತರ ಹೋದವನು. ಫ್ರೆಂಚರ ಊರು ಸೇರಿ, ಒಬ್ಬ ಫ್ರೆಂಚ್ ಹೆಂಗಸಿನ ಬೇಕರಿಯಲ್ಲಿ ಕೆಲಸ ಕಲಿತು, ಈಗ ಅಲ್ಲೇ ಸ್ವಂತ ಅಂಗಡಿ ಇಟ್ಟಿದ್ದ.

ಬ್ರಿಟಿಷರು ದೇಶ ಬಿಟ್ಟು ಎರಡು ವರ್ಷವಾಗಿತ್ತು. ಈ ಫ್ರೆಂಚರು ಎಂಥವರೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಪಡಸಾಲೆ ತುಂಬ ಪ್ರಶ್ನೆಗಳೇ ಪ್ರಶ್ನೆಗಳು. ಅಲ್ಲಿ ವಿಪರೀತ ಚಳಿಯಂತೆ, ಹೌದೇ ಎಂದು ಒಬ್ಬರು ಕೇಳಿದರು. ಇಲ್ಲ, ಸೆಕೆಯೇ ಬಹಳ ಎಂದ ಶಿವಯೋಗೆಪ್ಪ. ಹೊತ್ತಾರೆಯಿಂದ ಬೇಕರಿಯ ಒಲೆಯ ಮುಂದೆ ನಿಲ್ಲುವವನಿಗೆ ಸೆಕೆಯಾಗದೆ ಇನ್ನೇನು ಎಂದು ಜನ ನಕ್ಕರು.

ಗೌರಾಬಾಯಿ ಒಂದು ಮಿಠಾಯಿ ಕದ್ದು ಬಾಯಿಗಿಟ್ಟಳು. ಆನೆಯ ಕಿವಿಯ ಆಕಾರದ್ದು. ಚಿರೋಟಿಯ ಹಾಗೆ ಪದರು ಪದರು, ಆದರೆ ಚಿರೋಟಿಗಿಂತ ಹಗುರ. ಅಷ್ಟು ದೂರದಿಂದ ಬಂದರೂ ಕುರುಕುರು ಎನ್ನುತ್ತಿತ್ತು. ಇನ್ನೊಂದು ತಿಂದಳು. ಮೂರನೆಯದನ್ನು ತಿನ್ನುವಾಗ ಅವಳ ಕಣ್ಣು ಮಿಠಾಯಿ ಬಿಟ್ಟು ಅದನ್ನು ಮಾಡಿದವನ ಮೇಲೆ ನಿಂತಿತ್ತು.

ಅಪ್ಪ ಗುರಲಿಂಗಪ್ಪನಿಗೆ ಮಾತ್ರ ನಂಬಿಕೆ ಬರಲಿಲ್ಲ. ಇದನ್ನು ಎಲ್ಲೋ ಕೊಂಡು ತಂದಿರಬೇಕು, ನಿಜವಾಗಿ ಮಾಡಲು ಬರುವುದಾದರೆ ಇಲ್ಲೇ ಮಾಡಿ ತೋರಿಸಲಿ ಎಂದು ಪಟ್ಟು ಹಿಡಿದ. ಶಿವಯೋಗೆಪ್ಪ ಅಂಗಿಯ ತೋಳು ಮಡಿಚಿದ. ಬೆಣ್ಣೆಯನ್ನು ಗಡಿಗೆಯಲ್ಲಿಟ್ಟು ಹಿತ್ತಲ ಬಾವಿಗೆ ಇಳಿಬಿಟ್ಟು ಗಟ್ಟಿ ಮಾಡಿಸಿದ. ಹಿಟ್ಟು ಲಟ್ಟಿಸಿ, ಬೆಣ್ಣೆಯಿಟ್ಟು ಮಡಿಚಿ, ಮತ್ತೆ ಲಟ್ಟಿಸಿ, ಮತ್ತೆ ಮಡಿಚಿದ. ಅಂಗಳದಲ್ಲಿ ತಗಡಿನ ಕೆಳಗೂ ಮೇಲೂ ಕೆಂಡ ಹಾಕಿ ಬೇಯಿಸಿದ. ಗುರಲಿಂಗಪ್ಪ ಒಂದು ತಿಂದು ಇನ್ನೊಂದಕ್ಕೆ ಕೈ ಚಾಚಿದ, ಅದನ್ನೂ ತಿಂದು ತಲೆಯಾಡಿಸಿದ. ಹೊಲ ಎಷ್ಟು, ಮನೆ ಹೇಗಿದೆ ಎಂದು ಕೇಳುವುದನ್ನೇ ಮರೆತುಬಿಟ್ಟ.

ಕಣ್ಣೀರು ತೆಗೆದವಳು ಗುರುಸಿದ್ದವ್ವ. ಏಳು ಸಮುದ್ರದಾಚೆ ಮಗಳನ್ನು ಕಳಿಸಿ ತಾನು ಹೇಗೆ ಬದುಕಲಿ ಎಂದು ಅತ್ತಳು. ಗೌರಾಬಾಯಿಯೂ ಕಣ್ಣೊರೆಸಿಕೊಂಡಳು. ಅವ್ವನ ಮುಖ ಕಾಣದೆ ಅವಳು ಒಂದು ವಾರವೂ ಇದ್ದವಳಲ್ಲ. ಆದರೆ ಅಂಗಳದಲ್ಲಿ ಮೈತುಂಬ ಹಿಟ್ಟು ಮೆತ್ತಿಕೊಂಡು ನಿಂತವನನ್ನು ಬಿಡಲೂ ಮನಸ್ಸಾಗಲಿಲ್ಲ.

"ನಾ ಇವರ ಜೋಡಿ ಹೊಕ್ಕೇನಿ, ಯಪ್ಪಾ," ಎಂದಳು. "ಎಷ್ಟ ದೂರ ಇದ್ರೂ ಹೊಕ್ಕೇನಿ."

ಮದುವೆಯ ಊಟದ ಪಂಕ್ತಿಯಲ್ಲಿ ಗುರುಸಿದ್ದವ್ವ ಅಳಿಯನನ್ನು ಕೇಳಿದಳು, ಹಡಗಿನಲ್ಲಿ ಎಷ್ಟು ದಿನವಾಗುತ್ತದೆ ಎಂದು. ಅವನು ಏನೋ ಹೇಳಲು ಬಾಯಿ ತೆರೆದ. ಹೊಸ ಅಳಿಯನ ಬಾಯಿ ಖಾಲಿ ಇರಬಾರದೆಂದು ಅವಳು ಹೋಳಿಗೆ ತುರುಕಿದಳು. ಅದನ್ನು ನುಂಗುವಷ್ಟರಲ್ಲಿ ಬೀಗರ ನಡುವೆ ಹಡಗಿನ ಮಾತು ಎಲ್ಲಿಗೋ ಹೋಗಿತ್ತು. ಒಬ್ಬರು ತಿಮಿಂಗಿಲದ ಹೆದರಿಕೆ ಹುಟ್ಟಿಸಿದರು, ಇನ್ನೊಬ್ಬರು ಹಡಗು ಅಲುಗಾಡಿದರೆ ಹುಣಸೆಹಣ್ಣು ಚೀಪಬೇಕೆಂದರು. ಸ್ವಭಾವದಲ್ಲೇ ಮಿತಭಾಷಿಯಾದ ಶಿವಯೋಗೆಪ್ಪ ತಲೆ ತಗ್ಗಿಸಿ ಉಂಡ.

ಆಮೇಲೆ ತಯಾರಿಯೋ ತಯಾರಿ. ಓಣಿಯ ಹೆಂಗಸರೆಲ್ಲ ಕೂಡಿ ಎರಡು ಚೀಲ ಕಟಕ ರೊಟ್ಟಿ ಬಡಿದರು. ಶೇಂಗಾ ಚಟ್ನಿ, ಅಗಸಿ ಚಟ್ನಿ, ವಾಂತಿಗೆ ನಿಂಬೆಹಣ್ಣು, ಹೊಟ್ಟೆನೋವಿಗೆ ಅಜವಾನ. ಅಳುತ್ತಳುತ್ತಲೇ ಗುರುಸಿದ್ದವ್ವ ವಿಜಾಪುರಕ್ಕೆ ಹೋಗಿ, ಅಥಣಿ ರಸ್ತೆಯಿಂದ ಇಬ್ರಾಹಿಂಪುರದವರೆಗಿನ ನೆಂಟರಿಗೆಲ್ಲ ಮಗಳನ್ನು ಫ್ರಾನ್ಸಿಗೆ ಕೊಟ್ಟಿದ್ದೇವೆಂದು ಹೇಳಿ ಬಂದಳು.

ವಿಜಾಪುರದ ಸ್ಟೇಷನ್ನಿನಲ್ಲಿ ಬೀಳ್ಕೊಡಲು ಅರ್ಧ ಬಬಲೇಶ್ವರವೇ ನೆರೆದಿತ್ತು. ಹಡಗು ಹೊರಡುವುದು ಮುಂಬೈಯಿಂದ, ಇವರು ಗದಗಿನ ಗಾಡಿ ಯಾಕೆ ಹತ್ತಿದರು ಎಂದು ಒಬ್ಬ ಹಿರಿಯ ತಗಾದೆ ತೆಗೆದ. ಹೋಗಿ ಬಂದು ರೂಢಿ ಇರುವವನಿಗೆ ನೀನು ದಾರಿ ಹೇಳಬೇಡ ಎಂದು ಗುರಲಿಂಗಪ್ಪ ಗದರಿದ. ಗಾಡಿ ಅಲುಗಿದಾಗ ಅದೇ ಗುರಲಿಂಗಪ್ಪ ರುಮಾಲು ಬಿಚ್ಚಿ ಮುಖ ಮುಚ್ಚಿಕೊಂಡ. ಗೌರಾಬಾಯಿ ಗದಗಿನವರೆಗೂ ಅತ್ತಳು.

ಗದಗಿನಲ್ಲಿ ಗಾಡಿ ಬದಲಾಯಿತು, ಗುಂತಕಲ್ಲಿನಲ್ಲಿ ಮತ್ತೆ ಬದಲಾಯಿತು. ಜನರ ಮಾತು ಅರ್ಥವಾಗದಂತಾಯಿತು. ಗಂಡ ಸಮಾಧಾನ ಹೇಳಲು ಬಂದಾಗಲೆಲ್ಲ ಅವಳು ಸೆರಗಿನಲ್ಲಿ ಮುಖ ಮುಚ್ಚಿ ಇನ್ನೂ ಜೋರಾಗಿ ಅತ್ತಳು. ಅವನು ಪಾಪ, ಪ್ರತಿ ಸಲ ನೀರು ತಂದುಕೊಟ್ಟ.

ಕೊನೆಗೊಂದು ಕಡೆ ಕೆಂಪು ಟೊಪ್ಪಿಗೆಯ ಪೊಲೀಸರು ಗಾಡಿ ಹತ್ತಿ ಚೀಲ ಬಿಚ್ಚಿಸಿದರು. ಒಬ್ಬ ರೊಟ್ಟಿ ಮುರಿದು ಮೂಸಿ, ತಲೆ ಕೆರೆದುಕೊಂಡು ಹೋದ. ಸ್ವಲ್ಪ ಹೊತ್ತಿಗೆ ಗಾಡಿ ನಿಂತಿತು. ಇಬ್ಬರೂ ಇಳಿದರು. ಉಪ್ಪುಪ್ಪು ಗಾಳಿ ಬೀಸುತ್ತಿತ್ತು. ಸಮುದ್ರ ಹತ್ತಿರ ಬಂತೆಂದು ಗೌರಾಬಾಯಿಗೆ ಗೊತ್ತಾಯಿತು. ಹಡಗು ಕಾಣುವ ಮೊದಲೇ ಚೀಲದಿಂದ ನಿಂಬೆಹಣ್ಣು ತೆಗೆದು ಮೂಸಿದಳು. ಇನ್ನು ಅವ್ವನ ಮುಖ ಈ ಜನ್ಮಕ್ಕಿಲ್ಲ ಎಂದುಕೊಂಡು ಅವಳು ಧೈರ್ಯ ಮಾಡಿ ಗಂಡನನ್ನು ಕೇಳಿದಳು.

"ಹಡಗ ಎಲ್ಲಿ ಹತ್ತಬೇಕ್ರಿ?"

"ಹಡಗ ಯಾತಕ್ಕ?" ಶಿವಯೋಗೆಪ್ಪ ಟ್ರಂಕನ್ನು ಜಟಕಾಕ್ಕೆ ಏರಿಸುತ್ತ ಹೇಳಿದ. "ಪಾಂಡಿಚೇರಿ ಬಂತಲ್ಲ, ಅಂಗಡಿ ಇಲ್ಲೇ ಮುಂದಿನ ಓಣ್ಯಾಗೈತಿ, ಅವ್ವನ ನೆನಪಾದ್ರ ನಾಳೆ ಇದ ಗಾಡಿಗೆ ಹೊಳ್ಳಿ ಹೋಗಬಹುದು."