ಸೊಲ್ಲು ಕೊಡುವವರು

ಚಟ್ಟ ಕಟ್ಟಿ ಮುಗಿದಿತ್ತು, ತಪ್ಪಟೆ ಬಡಿಯುವವರು ಬೀಡಿ ಎಸೆದು ಎದ್ದು ನಿಂತಿದ್ದರು. ವೆಳ್ಳೈಯಮ್ಮಾಳ್ ಮಾತ್ರ ಬಾಗಿಲಿಗೆ ಅಡ್ಡ ಕೂತುಬಿಟ್ಟಳು. ಒಳಗೆ ಹೆಣವಾಗಿ ಮಲಗಿದ್ದವಳು ಅವಳ ಅಕ್ಕ ಪಿಚ್ಚೈಯಮ್ಮಾಳ್.

“ಹಾಡಿಲ್ದೆ ನಮ್ಮಕ್ಕನ್ನ ಎತ್ತಾಕೆ ಬಿಡಾಕಿಲ್ಲ. ಅವಳೇನು ದಿಕ್ಕಿಲ್ದೋಳಾ?”

“ಹೇಳೋರು ಯಾರವ್ರೆ ಚಿತ್ತಿ?” ಸತ್ತವಳ ಮಗ ಪೊನ್ನುಸಾಮಿ ಚಿಕ್ಕಮ್ಮನಿಗೆ ಕೈ ಮುಗಿದ. “ಹೊತ್ತು ಏರ್ತಾ ಐತೆ.”

ಯಾರಿದ್ದಾರೆ! ಕುಮಿಳಿ ಪಕ್ಕದ, ತಮಿಳು ಸೀಮೆಯ ಗೂಡಲೂರಿನ ಆ ಬೀದಿಯ ಕನ್ನಡದ ಮನೆಗಳಲ್ಲಿ ಯಾರು ಸತ್ತರೂ ಹಾಡು ಹೇಳುತ್ತಿದ್ದವಳು ಈಗ ಸತ್ತು ಮಲಗಿದವಳೇ. ಸತ್ತವರ ಹಸು, ಒರಳು, ಬಾವಿ, ಹೊಲ ಒಂದೊಂದನ್ನೂ ಹೆಸರು ಹಿಡಿದು ಅವಳು ಕರೆಯಬೇಕು. ಒಂದೊಂದಕ್ಕೂ ಉಳಿದ ಹೆಂಗಸರು “ಯಾರ ಕೈಗೆ ಇಟ್ಟು ಹೋದೆ, ನಮ್ಮವ್ವಾ” ಎಂದು ಸೊಲ್ಲು ಕೊಡಬೇಕು. ಸೊಲ್ಲು ಎಲ್ಲರಿಗೂ ಬರುತ್ತಿತ್ತು, ಹಾಡು ಯಾರಿಗೂ ಬರುತ್ತಿರಲಿಲ್ಲ. ಕಲಿಯುವುದಾದರೂ ಎಲ್ಲಿ? ಸಾವಿಲ್ಲದ ಮನೆಯ ಸೂರಿನಡಿ ಅದನ್ನು ಸುಮ್ಮನೆ ಗುನುಗಿದರೂ ಮುದುಕಿಯರು ಬಾಯಿಗೆ ಹೊಡೆಯುತ್ತಿದ್ದರು.

“ನನ್ನತ್ರ ಐತೆ,” ಎಂದಳು ಪೊನ್ನುಸಾಮಿಯ ಮಗಳು ಮಣಿಮೇಗಲೈ. “ಅಜ್ಜಿ ದನೀಲೇ ಐತೆ.”

ಮಣಿಮೇಗಲೈ ಕುಮಿಳಿಯ ಲಾಡ್ಜುಗಳಿಗೆ, ದ್ರಾಕ್ಷಿ ವ್ಯಾಪಾರಿಗಳಿಗೆ ಮನೆಯಲ್ಲೇ ಕೂತು ವೆಬ್‌ಸೈಟ್ ಮಾಡಿಕೊಡುವವಳು. ಹೋದ ವರ್ಷ ಅಜ್ಜಿಯನ್ನು ಓಡೈಪಟ್ಟಿಯ ದ್ರಾಕ್ಷಿ ಚಪ್ಪರದ ಕೆಳಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಸೂರಿಲ್ಲ, ಹಾಗಾಗಿ ದೋಷವೂ ಇಲ್ಲ. ಮುದುಕಿ ಬಳ್ಳಿಗೆ ಒರಗಿ ಹಾಡನ್ನು ಪೂರಾ ಹೇಳಿದ್ದಳು, ತನಗೇ ಹೇಳಿಕೊಂಡ ಹಾಗೆ, ತನ್ನ ಹಸು, ತನ್ನ ಒರಳು ಎಂದು. ಮುಗಿಸಿ ಮೊಮ್ಮಗಳ ಗಲ್ಲ ಹಿಡಿದು, “ನಾ ಹೋದ ದಿನ ಇದನ್ನ ನೀನೇ ಹಾಕ್ಬೇಕು, ನನ್ನ ಕಣ್ಣೇ. ಮರ್ತುಬಿಟ್ಟೀಯ,” ಎಂದಿದ್ದಳು. “ಮರೀತೀನಾ ಅಜ್ಜಿ!” ಎಂದು ಇವಳು ನಕ್ಕಿದ್ದಳು. ಫೋನಿನಲ್ಲಿ ಹಿಡಿದ ಆ ದನಿಯನ್ನು ತಮ್ಮ ಜನಕ್ಕೆಂದೇ ಮಾಡಿದ ಸೈಟಿಗೆ ಏರಿಸಿ, ಕೆಳಗೆ ಹಾಡಿನ ಕನ್ನಡ ಮಾತುಗಳನ್ನು ತಮಿಳು ಅಕ್ಷರದಲ್ಲಿ ಬರೆದಿದ್ದಳು. ಆ ಬೀದಿಯಲ್ಲಿ ಎಲ್ಲರೂ ಬರೆಯುವುದು ಹಾಗೆಯೇ. ಬಾಯಿಗೆ ಕನ್ನಡ ಮನೆಯಿಂದ ಬಂತು, ಕೈಗೆ ಅಕ್ಷರ ಶಾಲೆಯಿಂದ ಬಂತು. ಅದರಲ್ಲಿ ವಿಚಿತ್ರವೇನಿದೆ ಎಂದು ಯಾರಿಗೂ ಅನಿಸಿರಲಿಲ್ಲ.

ಸೈಟು ತೆರೆದು, ಫೋನನ್ನು ಹೆಣದ ತಲೆಯ ಹತ್ತಿರ ಹಿಡಿದು ಹಾಡಿನ ಗುಂಡಿ ಒತ್ತಿದಳು. ಹೆಂಗಸರು ಅಳು ನುಂಗಿ, ಸೊಲ್ಲಿಗೆ ಉಸಿರು ಎಳೆದುಕೊಂಡು ಕಾದರು.

ಬಂದದ್ದು ಯಾವುದೋ ಹುಡುಗಿಯ ದನಿ. ಅಚ್ಚ ತಮಿಳು, ವಾರ್ತೆ ಓದುವವರ ತಮಿಳು. ಕೆಮ್ಮಿಲ್ಲ, ಬಿಕ್ಕಿಲ್ಲ.

“ಚೆಂದಾಗಿ ಓದ್ತಾಳೆ,” ಎಂದಳು ವೆಳ್ಳೈಯಮ್ಮಾಳ್. “ಯಾರ ಮನೆ ಹುಡುಗಿ ಇವಳು? ನಮ್ಮಕ್ಕ ಎಲ್ಲಿ?”

ಮಣಿಮೇಗಲೈ ಅದನ್ನು ನಿಲ್ಲಿಸಿದಳು. ಕೋಡ್ ಬರೆದುಕೊಡುವ ಎಐ ಒಂದನ್ನು ಈಚೆಗೆ ಕೆಲಸಕ್ಕೆ ಇಟ್ಟುಕೊಂಡಿದ್ದಳು. ಗಿರಾಕಿಗಳ ಕಾಟದ ನಡುವೆ ಅದಕ್ಕೆ, “ನಮ್ಮ ಹಾಡಿನ ಸೈಟು ಬಲು ನಿಧಾನ, ಚೊಕ್ಕ ಮಾಡು,” ಎಂದಿದ್ದಳು. ಅದು ಒಂದೊಂದಕ್ಕೂ ಅಪ್ಪಣೆ ಕೇಳುತ್ತಿತ್ತು. ಅಯ್ಯೋ, ಇದರ ಪಿರಿಪಿರಿ ಯಾರಿಗೆ ಬೇಕು ಎಂದು ‘ಎಲ್ಲಕ್ಕೂ ಸರಿ’ ಒತ್ತಿ, ಸಾರು ಕುದಿಯುತ್ತಿದೆ ಎಂದು ಎದ್ದು ಹೋಗಿದ್ದಳು. ಅದು ಕೊಟ್ಟಿದ್ದ ವರದಿಯನ್ನು ಈಗ, ಹೆಣದ ಮುಂದೆ ಕೂತು ಮೊದಲ ಸಲ ಓದಿದಳು: ಪುಟದಲ್ಲಿ ತಮಿಳು ತಪ್ಪುಗಳು ವಿಪರೀತ ಇದ್ದವು, ಎಲ್ಲವನ್ನೂ ತಿದ್ದಿದ್ದೇನೆ. ಹಳೆಯ ಧ್ವನಿ ತಿದ್ದಿದ ಪಠ್ಯಕ್ಕೆ ಹೊಂದುತ್ತಿರಲಿಲ್ಲ, ಗದ್ದಲವೂ ಇತ್ತು, ಅಳಿಸಿ ಹೊಸ ಧ್ವನಿ ಹಾಕಿದ್ದೇನೆ. ಸೈಟು ಈಗ ವೇಗವಾಗಿದೆ.

ಅಕ್ಷರ ತಮಿಳಾದರೆ ಮಾತೂ ತಮಿಳೇ ಇರಬೇಕು ಅಂದುಕೊಂಡಿತ್ತು ಅದು. ಅದನ್ನು ಬೈದು ಏನು ಬಂತು?

ಎಐಗೆ ಬರೆದಳು, ಹಳೆಯದು ಬೇಕು ಎಂದು. ತಕ್ಷಣ ಉತ್ತರ ಬಂತು, ಬಲು ವಿನಯವಾಗಿ. ಹಳೆಯ ಪ್ರತಿ ಉಳಿಸಿಡುವ ಅವಧಿ ಮುಗಿದಿದೆ, ಬೇಕಿದ್ದರೆ ಅದೇ ಭಾವದ ಹೊಸ ಹಾಡು ಬರೆದುಕೊಡಲೇ? ಮಣಿಮೇಗಲೈ ತನ್ನ ಫೋನಿನಲ್ಲೆಲ್ಲ ತಡಕಾಡಿದಳು. ಲಾಡ್ಜಿನ ಫೋಟೋಗಳಿಗೆ ಜಾಗ ಸಾಲದೆ ರೆಕಾರ್ಡಿಂಗನ್ನು ತಾನೇ ಅಳಿಸಿದ್ದು ನೆನಪಾಯಿತು. ಸೈಟಿನಲ್ಲಿ ಹೇಗೂ ಇದೆಯಲ್ಲ ಎಂದುಕೊಂಡಿದ್ದಳು.

“ಹೋಯ್ತು ಅಪ್ಪಾ,” ಎಂದಳು.

“ಹೋಯ್ತು ಅಂದ್ರೆ?” ವೆಳ್ಳೈಯಮ್ಮಾಳ್ ಕೇಳಿದಳು. “ಎಲ್ಲಿಗೆ ಹೋಯ್ತದೆ? ಬದ್ರವಾಗಿ ಇಟ್ಟೀನಿ ಅಂತ ನೀನೇ ಅಲ್ವಾ ಹೇಳಿದ್ದು?”

ಪೊನ್ನುಸಾಮಿ ಮಗಳ ಮುಖ ನೋಡಿ ಹೊರಗೆ ಹೋದ. ತಪ್ಪಟೆಯವರು ಒಂದು ಸಲ ಬಾರಿಸಿ ನಿಲ್ಲಿಸಿದರು. ವೆಳ್ಳೈಯಮ್ಮಾಳ್ ಬಾಗಿಲು ಬಿಟ್ಟು ಎದ್ದು ಬಂದು ಅಕ್ಕನ ತಲೆದೆಸೆಯಲ್ಲಿ ಕೂತಳು.

“ಬನ್ರೇ,” ಎಂದಳು ಹೆಂಗಸರಿಗೆ. “ಬರೋದನ್ನಾದ್ರೂ ಹೇಳಾಣ.”

ಮೊದಲು ಯಾರೂ ದನಿ ಎತ್ತಲಿಲ್ಲ. ಹಸುವಿನ ಹೆಸರು ಬರಬೇಕಾದಷ್ಟು ಹೊತ್ತು ಸುಮ್ಮನೆ ಕಾದರು. ಆಮೇಲೆ ಎಲ್ಲರೂ ಒಟ್ಟಿಗೆ ಎತ್ತಿದರು: “ಯಾರ ಕೈಗೆ ಇಟ್ಟು ಹೋದೆ, ನಮ್ಮವ್ವಾ.” ಮತ್ತೆ ಸುಮ್ಮನಾದರು, ಒರಳಿನ ಹೆಸರು ಬರಬೇಕಾದಷ್ಟು ಹೊತ್ತು. ಮತ್ತೆ ಎತ್ತಿದರು: “ಯಾರ ಕೈಗೆ ಇಟ್ಟು ಹೋದೆ, ನಮ್ಮವ್ವಾ.”

ಮಣಿಮೇಗಲೈ ಫೋನ್ ಹಿಡಿದಿದ್ದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.